ಕೊಕೇನ್ ಬಿಟ್ಟ ಮೇಲಿನ ವಾರಗಳು

ಕುಡಿತ ಬಿಟ್ಟವನ ಕೈ ನಡುಗುತ್ತದೆ, ಮೈ ಬೆವರುತ್ತದೆ. ಕೆಲವರಿಗೆ ಎರಡು-ಮೂರನೆಯ ದಿನ ಇಲ್ಲದ ಹುಳುಹುಪ್ಪಟೆ ಗೋಡೆಯ ಮೇಲೆ ಹರಿದಾಡುತ್ತವೆ. ಬ್ರೌನ್ ಶುಗರ್ ಬಿಟ್ಟವನ ಕಣ್ಣು ಮೂಗು ಸೋರುತ್ತವೆ, ಹೊಟ್ಟೆ ಹಿಂಡುತ್ತದೆ, ಎಲುಬೆಲುಬೂ ನೋಯುತ್ತದೆ. ಪುಣೆಯ ವ್ಯಸನಮುಕ್ತಿ ಕೇಂದ್ರಗಳಲ್ಲಿ ಈ ನರಳಾಟವನ್ನು ‘ಟರ್ಕಿ’ ಎನ್ನುತ್ತಾರೆ. ಅದನ್ನು ಕಣ್ಣಾರೆ ಕಂಡವರಿಗೆ ಇದು ಕಾಯಿಲೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊಕೇನ್ ಬಿಟ್ಟವನ ಮೈಮೇಲೆ ಇಂಥ ಯಾವ ಗುರುತೂ ಇರುವುದಿಲ್ಲ. ಅವನು ಮಲಗುತ್ತಾನೆ. ಎದ್ದರೆ ಸಿಕ್ಕಿದ್ದನ್ನು ತಿನ್ನುತ್ತಾನೆ, ಮತ್ತೆ ಮಲಗುತ್ತಾನೆ. ನಾಲ್ಕೈದು ದಿನಕ್ಕೆ ಮುಖ ತೊಳೆದು ಹೊರಗೆ ಬಂದರೆ ಮನೆಯವರು ‘ಗೆದ್ದೆವು’ ಎಂದು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ. ಅದು ಗೊತ್ತಿಲ್ಲದೆ ಎಷ್ಟೋ ಮನೆಗಳು ಸೋಲುತ್ತವೆ.

ಪುಣೆಯ ಹಡಪಸರವನ್ನು ಮುಂದಿಟ್ಟುಕೊಂಡು ಇದನ್ನು ಬರೆಯುವುದಕ್ಕೆ ಕಾರಣವಿದೆ. ಪುಣೆಯಿಂದ ಸೋಲಾಪುರಕ್ಕೆ ಹೊರಟ ಹೆದ್ದಾರಿಯ ಮೇಲಿನ ಈ ಊರು ಒಂದು ಕಾಲಕ್ಕೆ ಕಬ್ಬು, ಕಾಯಿಪಲ್ಯ ಬೆಳೆಯುತ್ತಿತ್ತು. ಮಗರ್ ಮನೆತನದ ರೈತರು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಮಗರಪಟ್ಟಾ ಸಿಟಿ ಕಟ್ಟಿದರು. ಜಗತ್ತಿಗೆಲ್ಲ ಲಸಿಕೆ ಕಳಿಸುವ ಸೀರಂ ಇನ್‌ಸ್ಟಿಟ್ಯೂಟ್ ಇರುವುದೂ ಇಲ್ಲೇ. ಸುತ್ತ ಸಾಫ್ಟ್‌ವೇರ್ ಕಂಪನಿಗಳು, ರಾತ್ರಿ ಪಾಳಿಯ ಕಾಲ್ ಸೆಂಟರ್‌ಗಳು, ಅವುಗಳಿಗೆ ಅಂಟಿಕೊಂಡು ಪಿ.ಜಿ.ಗಳು, ಬಾಡಿಗೆ ಫ್ಲ್ಯಾಟುಗಳು. ಕಲಬುರಗಿ, ಬೀದರ್, ವಿಜಯಪುರದವರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಗಾಡಿತಳದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಗಾರೆ ಕೆಲಸಕ್ಕೆ ಬಂದವರೂ ಕನ್ನಡದವರೇ, ಲ್ಯಾಪ್‌ಟಾಪ್ ಚೀಲ ಹೊತ್ತವರೂ ಕನ್ನಡದವರೇ. ಈ ಬರಹ ಹೆಚ್ಚಾಗಿ ಎರಡನೆಯವರ ಮನೆಗಳಿಗೆ ಸೇರಿದ್ದು. ಮಗ ಅಥವಾ ಮಗಳು ಒಂದು ಊರಲ್ಲಿ, ತಾಯಿತಂದೆ ಇನ್ನೊಂದು ಊರಲ್ಲಿ, ನಡುವೆ ಒಂದು ರಾತ್ರಿಯ ರೈಲು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕೊಕೇನ್ ದುಬಾರಿ, ಗ್ರಾಂಗೆ ಸಾವಿರಾರು ರೂಪಾಯಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಕೊಕೇನ್ ಬಳಸುವವರು ಶೇಕಡಾ 0.1ರಷ್ಟು, ಅಂದರೆ ಸಾವಿರಕ್ಕೆ ಒಬ್ಬರು. ಪುಣೆಯಲ್ಲಿ ಅದಕ್ಕಿಂತ ಸುಲಭವಾಗಿ ಸಿಗುವುದು ‘ಎಂಡಿ’, ಅಂದರೆ ಮೆಫೆಡ್ರೋನ್. 2024ರ ಫೆಬ್ರುವರಿಯಲ್ಲಿ ಪುಣೆ ಪೊಲೀಸರು ದೌಂಡ್ ತಾಲ್ಲೂಕಿನ ಕುರಕುಂಭದ ಕೈಗಾರಿಕಾ ಪ್ರದೇಶದಲ್ಲಿ ಇದನ್ನೇ ಕ್ವಿಂಟಲ್‌ಗಟ್ಟಲೆ ಹಿಡಿದರು. ಕುರಕುಂಭ ಇರುವುದು ಹಡಪಸರದಿಂದ ಹೊರಟ ಇದೇ ಸೋಲಾಪುರ ರಸ್ತೆಯ ಮೇಲೆ. ಅದೇ ತನಿಖೆ ಬೆಳಗಾವಿಗೆ ಹತ್ತಿರವಾದ ಸಾಂಗಲಿಯ ಕುಪವಾಡದವರೆಗೂ ಹೋಯಿತು. ಕೊಕೇನ್ ಗಿಡದಿಂದ ಬರುವ ವಸ್ತು, ಎಂಡಿ ಕಾರ್ಖಾನೆಯಲ್ಲಿ ತಯಾರಾಗುವ ರಾಸಾಯನಿಕ. ಆದರೆ ಎರಡೂ ಮಿದುಳನ್ನು ಒಂದೇ ದಿಕ್ಕಿಗೆ ಕೆರಳಿಸುತ್ತವೆ, ಇಳಿದಾಗಿನ ಪಾಡೂ ಹೆಚ್ಚುಕಡಿಮೆ ಒಂದೇ. ಕೊಕೇನ್ ಎಂದು ಕೊಂಡ ಪುಡಿಯಲ್ಲಿ ನಿಜಕ್ಕೂ ಏನಿದೆ ಎಂಬುದು ಮಾರಿದವನಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಎಂಡಿಯ ಮನೆಗಳೂ ಇದನ್ನು ತಮಗೇ ಬರೆದದ್ದು ಎಂದುಕೊಳ್ಳಲಿ.

ಇದು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದ ಪಿಡುಗೂ ಅಲ್ಲ. ನೂರು ವರ್ಷದ ಹಿಂದೆ ಕಲ್ಕತ್ತ, ದೆಹಲಿ, ಮುಂಬೈಗಳಲ್ಲಿ ಜನ ಕೊಕೇನನ್ನು ಸುಣ್ಣ-ಅಡಿಕೆಯ ಜೊತೆ ಎಲೆಯಲ್ಲಿ ಮಡಚಿ ಜಗಿಯುತ್ತಿದ್ದರು. ರಾಮನಾಥ ಚೋಪ್ರಾ ಮತ್ತು ಗುರುಬಕ್ಷ್ ಚೋಪ್ರಾ 1931ರಲ್ಲೇ ಭಾರತದ ಕೊಕೇನ್ ಚಟದ ಬಗ್ಗೆ ವೈದ್ಯಕೀಯ ಪ್ರಬಂಧ ಬರೆದಿದ್ದಾರೆ. ಪಾನ್ ಬೀಡಾದ ಕೊಕೇನ್ ಕಾಲಕ್ರಮದಲ್ಲಿ ಮಾಯವಾಯಿತು. ಈಗ ಬಂದಿರುವುದು ಮೂಗಿನಿಂದ ಸೇದುವ ಪುಡಿ. ಇದು ಇನ್ನೂ ಬೇಗ ತಲೆಗೇರುತ್ತದೆ.

ಒಳಗೆ ಏನಾಗುತ್ತದೆ ಎಂಬುದು ತಿಳಿದರೆ ಮನೆಯವರ ಸಿಟ್ಟು ಅರ್ಧ ಇಳಿಯುತ್ತದೆ. ಹಸಿದಾಗ ಉಂಡರೆ, ಮಗು ನಕ್ಕರೆ, ಮೆಚ್ಚಿದ ತಂಡ ಗೆದ್ದರೆ ಮಿದುಳಿನ ಕೆಲವು ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಹಿಂದಕ್ಕೆ ಹೀರಿಕೊಳ್ಳುವ ದ್ವಾರಗಳೂ ಅಲ್ಲೇ ಇವೆ. ಕೊಕೇನ್ ಆ ದ್ವಾರಗಳಿಗೆ ಅಡ್ಡ ನಿಲ್ಲುತ್ತದೆ. ಬಿಟ್ಟ ಡೋಪಮಿನ್ ಒಳಗೆ ಹೋಗದೆ ಹೊರಗೇ ರಾಶಿ ಬೀಳುತ್ತದೆ. ನಿದ್ದೆ ಬೇಡ, ಹಸಿವಿಲ್ಲ, ಮಾತು ನಿಲ್ಲುವುದಿಲ್ಲ, ತಾನೇ ದೊಡ್ಡವನು ಅನಿಸುತ್ತದೆ. ರಕ್ತದಲ್ಲಿ ಕೊಕೇನಿನ ಪ್ರಮಾಣ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಅರ್ಧಕ್ಕಿಳಿಯುವುದರಿಂದ ಆ ಸುಖವೂ ಬೇಗ ಕರಗುತ್ತದೆ, ಪುಡಿಯ ಮತ್ತೊಂದು ಗೆರೆ ಬೇಕಾಗುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದಾಗ ಮಿದುಳು ಡೋಪಮಿನ್ ಹಿಡಿಯುವ ತನ್ನ ಗ್ರಾಹಕಗಳನ್ನು ಕಡಿಮೆ ಮಾಡಿಕೊಂಡು ಹೊಂದಿಕೊಳ್ಳುತ್ತದೆ. ಕೊಕೇನ್ ಬಿಟ್ಟು ಮೂರು ನಾಲ್ಕು ತಿಂಗಳಾದವರ ಮಿದುಳಿನಲ್ಲೂ ಈ ಗ್ರಾಹಕಗಳು ಕಡಿಮೆ ಇದ್ದದ್ದನ್ನು ಅಮೆರಿಕದ ನೋರಾ ವೋಲ್ಕೋ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಪೆಟ್ ಸ್ಕ್ಯಾನ್ ಮೂಲಕ ತೋರಿಸಿದರು. ಬೇಸಗೆಯಲ್ಲಿ ಮೋಟಾರು ಹಚ್ಚಿ ತಳದ ತನಕ ನೀರೆತ್ತಿದ ಬಾವಿಗೆ ಸೆಲೆಯಿಂದ ನೀರು ಜಿನುಗಿ ತುಂಬಬೇಕಷ್ಟೇ, ಅದಕ್ಕೆ ಹೊತ್ತು ಹಿಡಿಯುತ್ತದೆ. ಸೋಮಾರಿ, ಕಲ್ಲುಮನಸ್ಸಿನವನು, ನಾಟಕ ಮಾಡುತ್ತಾನೆ ಎಂದು ನಾವು ಬೈಯುವುದು ಆ ಹೊತ್ತಿನಲ್ಲೇ.

ಮೊದಲ ದಿನಗಳನ್ನು ಹತ್ತಿರದಿಂದ ನೋಡೋಣ. ಹಡಪಸರದ ಯಾವುದೋ ಫ್ಲ್ಯಾಟಿನಲ್ಲಿ ಇಪ್ಪತ್ತೆಂಟರ ಹುಡುಗನೊಬ್ಬ ಇದ್ದಾನೆ ಎಂದುಕೊಳ್ಳಿ. ಗೆಳೆಯ ಫೋನ್ ಮಾಡಿ ತಿಳಿಸಿದ್ದಕ್ಕೆ ತಾಯಿ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದಿದ್ದಾಳೆ. ಕಟ್ಟಿ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಒಲೆಯ ಕಟ್ಟೆಯ ಮೇಲಿವೆ. ಹಗಲು ಹನ್ನೆರಡಾದರೂ ಕೋಣೆಯ ಪರದೆ ಸರಿದಿಲ್ಲ. ಫೋನು ಚಾರ್ಜು ಇಲ್ಲದೆ ಆರಿದೆ. ಹುಡುಗ ಹದಿನಾಲ್ಕು ಗಂಟೆ ಮಲಗಿ ಎದ್ದಿದ್ದಾನೆ, ಆದರೂ ಕಣ್ಣು ಎಳೆಯುತ್ತಿವೆ. “ಎಷ್ಟ್ ಮಲಗ್ತಿಯೋ ತಮ್ಮಾ, ಎದ್ದು ಜಳಕ ಮಾಡು” ಎನ್ನುತ್ತಾಳೆ. “ಏನೂ ಬ್ಯಾಡ ಅನಸಲತ್ತದ ಅವ್ವಾ” ಎನ್ನುತ್ತಾನೆ. ನಾಲ್ಕು ರೊಟ್ಟಿ ಒಂದೇ ಸಲ ತಿನ್ನುತ್ತಾನೆ. ಹೊಟ್ಟೆ ತುಂಬಿದ ಸಂತೋಷ ಮಾತ್ರ ಮುಖದಲ್ಲಿ ಮೂಡುವುದಿಲ್ಲ. ರಾತ್ರಿ ಬೆಚ್ಚಿ ಏಳುತ್ತಾನೆ, ಕನಸಿನಲ್ಲಿ ಮತ್ತೆ ಪುಡಿ ಸೇದಿರುತ್ತಾನೆ. ಎದ್ದ ಮೇಲೂ ಅದು ಕನಸೋ ನಿಜವೋ ತಿಳಿಯದೆ ಅಳುತ್ತಾನೆ.

ಇಲ್ಲಿರುವ ಪ್ರತಿಯೊಂದೂ ವೈದ್ಯರ ಪಟ್ಟಿಯಲ್ಲಿ ಇರುವ ಲಕ್ಷಣವೇ. ಬೇಸರ ತುಂಬಿದ ಮನಸ್ಸು, ಸುಸ್ತು, ವಿಪರೀತ ನಿದ್ದೆ ಅಥವಾ ನಿದ್ದೆಯೇ ಬಾರದಿರುವುದು, ಕಣ್ಣಿಗೆ ಕಟ್ಟಿದಂಥ ಕೆಟ್ಟ ಕನಸುಗಳು, ಹೆಚ್ಚಿದ ಹಸಿವು, ಚಡಪಡಿಕೆ ಅಥವಾ ಕೈಕಾಲೇ ಏಳದಂಥ ನಿಧಾನ. ಬಳಸುವವರು ಇದನ್ನು ‘ಕ್ರ್ಯಾಶ್’ ಎನ್ನುತ್ತಾರೆ. ಈ ಕೆಲವು ದಿನ ಮಾಡಬೇಕಾದ್ದು ಬಹಳ ಕಡಿಮೆ. ಮಲಗಲು ಬಿಡಿ, ನೀರು ಕೊಡಿ, ಎದ್ದಾಗ ಊಟ ಸಿಗುವಂತಿರಲಿ, ಹತ್ತಿರ ಯಾರಾದರೂ ಇರಲಿ. ಬುದ್ಧಿಮಾತಿಗೆ ಇದು ಹೊತ್ತಲ್ಲ. ಕನಸಿನಲ್ಲಿ ಸೇದಿದ್ದು ತಪ್ಪೂ ಅಲ್ಲ, ಮತ್ತೆ ಜಾರುತ್ತಾನೆ ಎಂಬುದರ ಸೂಚನೆಯೂ ಅಲ್ಲ ಎಂದು ಯಾರಾದರೂ ಅವನಿಗೆ ಹೇಳಿದರೆ ದೊಡ್ಡ ಸಮಾಧಾನ. ನಿದ್ದೆಗೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಕೊಡಬೇಡಿ. ಆ ಮಾತ್ರೆಯೇ ಮುಂದಿನ ಚಟವಾದ ಉದಾಹರಣೆಗಳನ್ನು ಯಾವ ಮನೋವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ಮೈ ಅಲುಗದಿದ್ದರೂ ಅಪಾಯ ಇಲ್ಲವೆಂದಲ್ಲ. ಕೊಕೇನ್ ಹೃದಯದ ರಕ್ತನಾಳಗಳನ್ನು ಬಿಗಿಯುತ್ತದೆ. ಮೂವತ್ತರೊಳಗಿನವರಿಗೂ ಹೃದಯಾಘಾತ ತರುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಕೂಡ ಹೃದಯಕ್ಕೆ ರಕ್ತ ಸಾಲದಿರುವ ಗುರುತು ಕೆಲವರ ಇಸಿಜಿಯಲ್ಲಿ ಕಂಡಿದೆ. ಎದೆನೋವು, ಉಸಿರಾಟದ ತೊಂದರೆ, ಫಿಟ್ಸ್ ಬಂದರೆ ನೇರ ಆಸ್ಪತ್ರೆಗೆ ಹೋಗಿ, ತುರ್ತು ವಿಭಾಗದ ವೈದ್ಯರಿಗೆ ಕೊಕೇನಿನ ವಿಷಯ ಮುಚ್ಚಿಡದೆ ಹೇಳಿ. ಎದೆಬಡಿತ ತಗ್ಗಿಸಲು ಸಾಮಾನ್ಯವಾಗಿ ಕೊಡುವ ಕೆಲವು ಔಷಧಿಗಳನ್ನು ಕೊಕೇನ್ ತೆಗೆದುಕೊಂಡವರಿಗೆ ಕೊಡುವಾಗ ವೈದ್ಯರು ಎಚ್ಚರ ವಹಿಸಬೇಕಾಗುತ್ತದೆ. ಮರ್ಯಾದೆ ಉಳಿಸಲು ಹೋಗಿ ಅವರಿಗೆ ತಪ್ಪು ಮಾಹಿತಿ ಕೊಡುವುದು ಬೇಡ. ಮದ್ಯದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಒಟ್ಟಿಗೆ ಮೈ ಸೇರಿದಾಗ ಯಕೃತ್ತಿನಲ್ಲಿ ಕೋಕಾಎಥಿಲೀನ್ ಎಂಬ ಮೂರನೆಯ ವಸ್ತು ಹುಟ್ಟುತ್ತದೆ. ಅದು ಕೊಕೇನಿಗಿಂತ ಹೆಚ್ಚು ಹೊತ್ತು ಮೈಯಲ್ಲಿದ್ದು ಹೃದಯಕ್ಕೆ ಹೆಚ್ಚು ಪೆಟ್ಟು ಕೊಡುತ್ತದೆ. ಅಷ್ಟೇ ಅಲ್ಲ, ಬಿಡುವ ನಿರ್ಧಾರ ಮುರಿಯುವುದು ಬಹಳ ಸಲ ಎರಡನೆಯ ಪೆಗ್ಗಿನ ನಂತರ. ‘ಪುಡಿ ಬಿಟ್ಟಿದ್ದೀನಲ್ಲ, ಬಿಯರ್ ಕುಡಿದರೇನು’ ಎಂಬ ವಾದಕ್ಕೆ ಒಪ್ಪಬೇಡಿ.

ಇನ್ನು ಆ ಮಧ್ಯದ ವಾರಗಳು. ನಿದ್ದೆ ಹಿಡಿತಕ್ಕೆ ಬಂದಿದೆ, ಮುಖದಲ್ಲಿ ಕಳೆ ಬಂದಿದೆ, ಆಫೀಸಿಗೂ ಹೊರಟಿದ್ದಾನೆ. ಆದರೆ ಯಾವುದರಲ್ಲೂ ರುಚಿ ಇಲ್ಲ. ಸಿನಿಮಾ ನೋಡಲಾರ, ಹಾಡು ಬೇಡ, ಮದುವೆಯಾದವನಾದರೆ ಹೆಂಡತಿಯ ಹತ್ತಿರ ಸುಳಿಯಲಾರ. ‘ನನ್ನ ಬಾಳೆಲ್ಲ ಇನ್ನು ಹೀಗೆಯೇ’ ಎಂದು ಅವನ ಮಿದುಳು ಅವನಿಗೆ ಹೇಳುತ್ತಿರುತ್ತದೆ. ಇದರ ಜೊತೆಗೆ ಸಾಲ. ಸಂಬಳ ಖಾಲಿಯಾಗಿ, ಕ್ರೆಡಿಟ್ ಕಾರ್ಡ್ ಮಿತಿ ಮುಗಿದು, ಲೋನ್ ಆ್ಯಪ್‌ಗಳವರ ಕರೆಗಳು. ಅಕ್ಕನ ಮದುವೆಗೆಂದು ಅಪ್ಪ ಕೊಟ್ಟ ಹಣವೂ ಹೋಗಿರಬಹುದು. ಕೊಕೇನ್ ಇದ್ದಷ್ಟು ಕಾಲ ಇವೆಲ್ಲ ಕಣ್ಣಿಗೆ ಬೀಳದಂತೆ ಅದೇ ಪರದೆ ಎಳೆದಿತ್ತು. ಈಗ ಬರಿಗಣ್ಣಿನಲ್ಲಿ ಎದುರಿಸಬೇಕು. ಸಾಯುವ ಯೋಚನೆ ತಲೆಯಲ್ಲಿ ಸುಳಿಯುವುದು ಈ ಹೊತ್ತಿನಲ್ಲಿ, ಒಮ್ಮೊಮ್ಮೆ ಮೊದಲ ಕ್ರ್ಯಾಶಿನ ದಿನಗಳಲ್ಲೇ. ಕೊಕೇನ್ ಬಿಡುವುದರಲ್ಲಿ ಜೀವಕ್ಕೇ ಬರುವ ದೊಡ್ಡ ಅಪಾಯ ಇದು. ಕೇಳಿಬಿಡಿ. “ಸಾಯಬೇಕು ಅನಿಸ್ತಿದೆಯಾ?” ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳಿದವರಿದ್ದಾರೆ ಎಂಬುದೇ ಹಲವರ ಕೈ ಹಿಡಿದು ನಿಲ್ಲಿಸಿದೆ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ಮಾತ್ರೆ-ಔಷಧಿಗಳನ್ನು ಕೈಗೆ ಸಿಗದಂತಿಡಿ, ಅದೇ ದಿನ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ವ್ಯವಸ್ಥೆಯ ಮೂಲಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಈಗ ನಮ್ಮ ಮನೆಗಳು ಮಾಡುವ ಅತಿ ಸಹಜವಾದ ಕೆಲಸಕ್ಕೆ ಬರುತ್ತೇನೆ: ‘ಊರಿಗೆ ಕರಕೊಂಡು ಹೋಗೋಣ, ಸಹವಾಸ ತಪ್ಪಿದರೆ ಸರಿಹೋಗ್ತಾನೆ.’ ಕರೆದೊಯ್ಯುತ್ತಾರೆ, ಸರಿಯೂ ಹೋಗುತ್ತಾನೆ. ಒಂದೂವರೆ ತಿಂಗಳು ಹೊಲಕ್ಕೆ ಹೋಗುತ್ತಾನೆ, ಶರಣಬಸವೇಶ್ವರ ಗುಡಿಗೆ ಹೋಗುತ್ತಾನೆ, ಮೈ ತುಂಬಿಕೊಳ್ಳುತ್ತದೆ. ಪುಡಿಯ ನೆನಪೇ ಬರುತ್ತಿಲ್ಲ ಎಂದು ತಾನೇ ಹೇಳುತ್ತಾನೆ, ಅದು ಸುಳ್ಳಲ್ಲ. ಆಮೇಲೆ ಎಲ್ಲರೂ ಹರಸಿ ಹಡಪಸರಕ್ಕೆ ಕಳಿಸುತ್ತಾರೆ. ಹದಿನೈದು ದಿನದಲ್ಲಿ ಮತ್ತೆ ಗೆಳೆಯನ ಫೋನು.

ಇದು ಏಕೆ ಹೀಗಾಗುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ, ಅದು ನಮ್ಮ ಮನೆಗಳಿಗೆ ತಲುಪಿಲ್ಲ. 1986ರಲ್ಲಿ ಯೇಲ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಗಾವಿನ್ ಮತ್ತು ಹರ್ಬರ್ಟ್ ಕ್ಲೆಬರ್ ಕೊಕೇನ್ ಬಿಡುವವರ ಪಾಡನ್ನು ಮೂರು ಹಂತವಾಗಿ ವಿವರಿಸಿದರು. ಮೊದಲು ಕೆಲವು ಗಂಟೆಗಳಿಂದ ನಾಲ್ಕು ದಿನದವರೆಗಿನ ಕ್ರ್ಯಾಶ್. ನಂತರ ಒಂದರಿಂದ ಹತ್ತು ವಾರದ ನೀರಸ ಕಾಲ, ಅದರಲ್ಲಿ ಮತ್ತೆ ಎದ್ದು ಬರುವ ತೀವ್ರ ಬಯಕೆ. ಕೊನೆಗೆ ತಿಂಗಳುಗಟ್ಟಲೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಬಯಕೆ. ಅವರು ನೋಡಿದ್ದು ಮನೆಯಿಂದ ಬಂದು ಹೋಗುತ್ತಿದ್ದ ರೋಗಿಗಳನ್ನು. ಕೆಲವು ವರ್ಷಗಳ ನಂತರ ಬೇರೆ ಸಂಶೋಧಕರು ಆಸ್ಪತ್ರೆಯಲ್ಲೇ ಉಳಿದವರನ್ನು ಗಮನಿಸಿದಾಗ ಆ ಹಂತಗಳೇ ಕಾಣಲಿಲ್ಲ. ಲಕ್ಷಣಗಳು ದಿನದಿಂದ ದಿನಕ್ಕೆ ಸುಮ್ಮನೆ ಇಳಿದುಹೋದವು. ಆಸ್ಪತ್ರೆಯ ಗೋಡೆಯೊಳಗೆ ಬಯಕೆಯನ್ನು ಎಬ್ಬಿಸುವಂಥದ್ದು ಏನೂ ಇರಲಿಲ್ಲ. ಅಂದರೆ ಬಯಕೆ ಬರಿಯ ಮೈಯೊಳಗೆ ಇರುವುದಿಲ್ಲ. ಅದು ಜಾಗಕ್ಕೆ, ಹೊತ್ತಿಗೆ, ಮನುಷ್ಯರಿಗೆ ಅಂಟಿಕೊಂಡಿರುತ್ತದೆ. ಶನಿವಾರ ಸಂಜೆಗೆ, ಆ ಫ್ಲ್ಯಾಟಿನ ಬಚ್ಚಲಿಗೆ, ಫೋನಿನ ಗಾಜಿನ ಹೊಳಪಿಗೆ, ತಿಂಗಳ ಕೊನೆಯಲ್ಲಿ ‘ಸಂಬಳ ಜಮಾ’ ಎಂದು ಬರುವ ಸಂದೇಶಕ್ಕೆ.

ಎರಡನೆಯ ವಿಷಯ ಇನ್ನೂ ಮುಖ್ಯವಾದದ್ದು. ದಿನ ಕಳೆದಂತೆ ಬಯಕೆ ತಾನಾಗಿ ಸಾಯುತ್ತದೆ ಎಂದು ನಾವು ನಂಬಿದ್ದೇವೆ. ಅಮೆರಿಕದ ಸಂಶೋಧಕರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನು ಹೇಳಿತು. ಕೊಕೇನಿನ ರೂಢಿ ಹತ್ತಿದ ಇಲಿಗಳನ್ನು ಅದರಿಂದ ದೂರವಿಟ್ಟು, ಆಮೇಲೆ ಕೊಕೇನ್ ಜೊತೆ ಬರುತ್ತಿದ್ದ ಸಂಕೇತವನ್ನಷ್ಟೇ ತೋರಿಸಿದರು. ಮೊದಲ ದಿನಗಳಿಗಿಂತ ತಿಂಗಳು, ಎರಡು ತಿಂಗಳ ನಂತರ ಅವುಗಳ ಹುಡುಕಾಟ ಹೆಚ್ಚಾಗಿತ್ತು. ಮನುಷ್ಯರಲ್ಲೂ ಸಂಕೇತ ಕಂಡಾಗಿನ ಪ್ರತಿಕ್ರಿಯೆ ಹೀಗೆಯೇ ತಿಂಗಳುಗಟ್ಟಲೆ ಏರಬಲ್ಲದು ಎಂದು ನಂತರದ ಅಧ್ಯಯನಗಳು ಸೂಚಿಸಿವೆ. ಲೆಕ್ಕ ಹಾಕಿ ನೋಡಿ. ನಾವು ಮಗನನ್ನು ಹಡಪಸರಕ್ಕೆ ಹಿಂದಕ್ಕೆ ಕಳಿಸುವುದು ಸರಿಯಾಗಿ ಆ ಹೊತ್ತಿಗೇ. ಸುಸ್ತು ಹೋಗಿದೆ, ಎಲ್ಲರ ಎಚ್ಚರವೂ ಸಡಿಲಾಗಿದೆ, ಒಳಗಿನ ಬಯಕೆ ಮಾತ್ರ ತನ್ನ ಸಂಕೇತಕ್ಕೆ ಕಾದು ಕೂತಿದೆ.

ಊರಿಗೆ ಕರೆದೊಯ್ಯುವುದು ತಪ್ಪಲ್ಲ. ಆದರೆ ಅದು ಚಿಕಿತ್ಸೆಯ ಮೊದಲರ್ಧ ಮಾತ್ರ, ಹಿಂದಿರುಗುವ ದಿನಕ್ಕೆ ಅಷ್ಟೇ ತಯಾರಿ ಬೇಕು. ಫ್ಲ್ಯಾಟು ಬದಲಿಸಲಿ, ಸಾಧ್ಯವಾದರೆ ಕಂಪನಿಯ ಬೇರೆ ಊರಿನ ಕಚೇರಿಗೆ ವರ್ಗ ಕೇಳಲಿ. ಮಾರುವವನ ನಂಬರು ಫೋನಿನಿಂದ ಹೋದರೆ ಸಾಲದು, ಮಾರುವವನ ಬಳಿ ಇರುವ ಇವನ ನಂಬರು ಬದಲಾಗಬೇಕು. ಸಂಬಳದ ಖಾತೆಯನ್ನು ಕೆಲವು ತಿಂಗಳು ಅಣ್ಣನೋ ಹೆಂಡತಿಯೋ ನೋಡಿಕೊಳ್ಳಲಿ. ಇದು ಅವನೇ ಒಪ್ಪಿ ಮಾಡಿಕೊಂಡ ಏರ್ಪಾಡಾಗಿರಬೇಕು. ಕಸಿದುಕೊಂಡರೆ ಜಗಳ ಉಳಿಯುತ್ತದೆ, ಹಣವೂ ಉಳಿಯುವುದಿಲ್ಲ. ಬಯಕೆಯ ಅಲೆ ಬಂದಾಗ ಅದು ಸಾಮಾನ್ಯವಾಗಿ ನಿಮಿಷಗಳಲ್ಲಿ ಏರಿ ಇಳಿಯುತ್ತದೆ, ಗಂಟೆಗಟ್ಟಲೆ ಅದೇ ತೀವ್ರತೆಯಲ್ಲಿ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಎದ್ದು ನಡೆಯಬೇಕು ಎಂಬುದು ಮೊದಲೇ ಗೊತ್ತಿರಬೇಕು.

ಔಷಧಿ ಇಲ್ಲವೇ ಎಂದು ಕೇಳುತ್ತಾರೆ. ಹೆರಾಯಿನ್ ಚಟಕ್ಕೆ ಬುಪ್ರಿನಾರ್ಫಿನ್, ಮೆಥಡೋನ್ ಇವೆ, ಕುಡಿತಕ್ಕೂ ಕೆಲವಿವೆ. ಕೊಕೇನಿಗೆ ಇಂದಿಗೂ ಅಧಿಕೃತವಾಗಿ ಒಪ್ಪಿಗೆ ಪಡೆದ ಔಷಧಿ ಒಂದೂ ಇಲ್ಲ. ಟೋಪಿರಮೇಟ್, ಮೊಡಾಫಿನಿಲ್, ಡೈಸಲ್ಫಿರಾಮ್ ಎಲ್ಲವನ್ನೂ ಪ್ರಯೋಗಿಸಿದ್ದಾರೆ, ಫಲಿತಾಂಶ ಅಲ್ಲಿಗೂ ಇಲ್ಲ ಇಲ್ಲಿಗೂ ಇಲ್ಲ. ಕೊಕೇನ್ ಮಿದುಳಿಗೆ ತಲುಪದಂತೆ ರಕ್ತದಲ್ಲೇ ತಡೆಯುವ ಲಸಿಕೆಯನ್ನೂ ಅಮೆರಿಕದಲ್ಲಿ ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟಿದ್ದು ಶೇಕಡಾ 38ರಷ್ಟು ಮಂದಿಯಲ್ಲಿ ಮಾತ್ರ, ಮುಂದಿನ ದೊಡ್ಡ ಪ್ರಯೋಗವೂ ಗೆಲ್ಲಲಿಲ್ಲ. ಆದ್ದರಿಂದ ‘ಒಂದೇ ಇಂಜೆಕ್ಷನ್, ಚಟ ಖಲಾಸ್’ ಎನ್ನುವ ಜಾಹೀರಾತಿಗೆ ಹಣ ಕಟ್ಟಬೇಡಿ. ಖಿನ್ನತೆಗೆ, ನಿದ್ದೆಗೆ, ಭಯಕ್ಕೆ ವೈದ್ಯರು ಕೊಡುವ ಔಷಧಿ ಬೇರೆ, ಅದು ಬೇಕಾಗುತ್ತದೆ.

ಇಲ್ಲಿಯವರೆಗೆ ಹೆಚ್ಚು ಫಲ ಕೊಟ್ಟಿರುವುದು ಮಾತಿನ ಚಿಕಿತ್ಸೆ ಮತ್ತು ಬಹುಮಾನದ ಪದ್ಧತಿ. ಎರಡನೆಯದನ್ನು ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ 1990ರ ದಶಕದಲ್ಲಿ ರೂಪಿಸಿದರು. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಸಿಗದಿದ್ದರೆ ಒಂದು ಚೀಟಿ, ಅದಕ್ಕೆ ಬೇಕಾದ ವಸ್ತು ಕೊಳ್ಳಬಹುದು. ಸತತವಾಗಿ ಶುದ್ಧವಾಗಿದ್ದರೆ ಚೀಟಿಯ ಬೆಲೆ ಏರುತ್ತದೆ. ಕೊಕೇನಿನ ಶೇಷ ಮೂತ್ರದಲ್ಲಿ ಎರಡು-ನಾಲ್ಕು ದಿನ ಸಿಗುವುದರಿಂದ ವಾರಕ್ಕೆ ಎರಡು ಮೂರು ಸಲ ಪರೀಕ್ಷೆ ಮಾಡುತ್ತಾರೆ. ಚಟಗಾರನಿಗೆ ಲಂಚ ಕೊಟ್ಟಂತಾಯಿತಲ್ಲ ಎಂದು ನಮ್ಮ ಹಿರಿಯರು ಹುಬ್ಬೇರಿಸುತ್ತಾರೆ. ನನಗೆ ಹಾಗನಿಸುವುದಿಲ್ಲ. ಯಾವ ಸಂತೋಷವೂ ತಟ್ಟದ ವಾರಗಳಲ್ಲಿ, ದೂರದ ‘ಒಳ್ಳೆಯ ಭವಿಷ್ಯ’ ಕಾಣದ ಮಿದುಳಿಗೆ, ಈ ಶುಕ್ರವಾರವೇ ಕೈಗೆ ಬರುವ ಒಂದು ಸಣ್ಣ ಗೆಲುವು ಬೇಕು.

ಪುಣೆಯವರಿಗೆ ಒಂದು ಭಾಗ್ಯವಿದೆ, ಯೆರವಡಾ ಭಾಗದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ. ಲೇಖಕ ಅನಿಲ ಅವಚಟ್ ‘ಗರ್ದ್’ ಎಂದು ಇಲ್ಲಿ ಕರೆಯುತ್ತಿದ್ದ ಬ್ರೌನ್ ಶುಗರಿನ ಹಾವಳಿಯ ಬಗ್ಗೆ ಲೇಖನಮಾಲೆ ಬರೆದರು. ಅದನ್ನು ಓದಿ ಕಲಕಿಹೋದ ಮರಾಠಿ ಸಾಹಿತಿ ಪು.ಲ. ದೇಶಪಾಂಡೆ ಮತ್ತು ಅವರ ಪತ್ನಿ ಸುನೀತಾ ದೇಶಪಾಂಡೆ ಹಣ ಕೊಟ್ಟು ಬೆನ್ನಿಗೆ ನಿಂತರು. ಯೆರವಡಾ ಮನೋರೋಗ ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದ ಅನಿಲರ ಪತ್ನಿ ಡಾ. ಅನಿತಾ 1986ರಲ್ಲಿ ಕೇಂದ್ರ ಕಟ್ಟಿ ನಿಲ್ಲಿಸಿದರು. ಅನಿತಾ 1997ರಲ್ಲಿ, ಅನಿಲ 2022ರಲ್ಲಿ ತೀರಿಕೊಂಡರು. ಈಗ ಮಗಳು ಮುಕ್ತಾ ಪುಣತಾಂಬೇಕರ್ ನಡೆಸುತ್ತಾರೆ. ಅಲ್ಲಿ ಹೊಡೆತ-ಬಡಿತ ಇಲ್ಲ. ಬಂದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ವ್ಯಾಯಾಮ, ಗುಂಪಿನ ಮಾತು, ಮನೆಯವರ ಸಭೆ ನಡೆಯುತ್ತವೆ. ಹೆಂಗಸರಿಗೆ ಬೇರೆಯೇ ವಿಭಾಗವಿದೆ. ಇದನ್ನು ಒತ್ತಿ ಹೇಳುತ್ತೇನೆ. ಚಟಕ್ಕೆ ಬಿದ್ದ ಹೆಣ್ಣುಮಕ್ಕಳು ಗಂಡಸರಿಗಿಂತ ಹೆಚ್ಚು ಮುಚ್ಚಿಡುತ್ತಾರೆ, ಮನೆಯವರೂ ಮದುವೆಯ ಚಿಂತೆಯಲ್ಲಿ ಅದರ ಮೇಲೆ ಇನ್ನಷ್ಟು ಮುಚ್ಚಳ ಹಾಕುತ್ತಾರೆ. ಕರ್ನಾಟಕಕ್ಕೆ ಮರಳುವವರಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಪ್ರತಿಜ್ಞೆ ಮಾಡಿಸುವುದು ನಮ್ಮ ಕಡೆಯ ಇನ್ನೊಂದು ದಾರಿ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1970ರ ದಶಕದಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ‘ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ’ ಎಂದು ಕೇಳಿದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯ ಬಗ್ಗೆ ನನಗೆ ಬಹಳ ಗೌರವವಿದೆ. ಚಟಗಾರನನ್ನು ದೂರ ತಳ್ಳದೆ ಅವನ ಮನೆ ಬಾಗಿಲಿಗೆ ಹೋದವರು ಅವರು. ಆದರೆ ಕೊಕೇನಿನಲ್ಲಿ ಪ್ರತಿಜ್ಞೆಯ ದಿನವೇ ಎಲ್ಲಕ್ಕಿಂತ ಸುಲಭದ ದಿನ. ಕ್ರ್ಯಾಶಿನಲ್ಲಿರುವವನಿಗೆ ಪುಡಿಯ ಹೆಸರೆತ್ತಿದರೇ ಹೇಸಿಗೆ, ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತಾನೆ, ಮನಸಾರೆ ಮಾಡುತ್ತಾನೆ. ಆರನೆಯ ವಾರದ ಶನಿವಾರ ಅದು ಮುರಿದಾಗ ಆಣೆ ತಪ್ಪಿದ ಪಾಪವೂ ಅವನ ತಲೆಗೆ ಏರುತ್ತದೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಆಣೆ ಹಾಕಿಸಲೇಬೇಕೆಂದಿದ್ದರೆ ‘ಜಾರಿದರೆ ಆ ರಾತ್ರಿಯೇ ನಿಮಗೆ ಹೇಳುತ್ತೇನೆ’ ಎಂದು ಹಾಕಿಸಿಕೊಳ್ಳಿ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರು ಬಹಳ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕೊಕೇನ್ ಸೇವನೆಗೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ, ನಿಜ. ಆದರೆ ಅದೇ ಕಾಯ್ದೆಯ 64ಎ ಕಲಂ ಹೇಳುವುದನ್ನೂ ತಿಳಿದಿರಬೇಕು. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಪೂರ್ತಿ ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಕೊಕೇನಿಗೆ ಸಣ್ಣ ಪ್ರಮಾಣ ಎಂದರೆ 2 ಗ್ರಾಂ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ-ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ರೋಗಿಯ ಗುಟ್ಟು ಕಾಪಾಡುವುದು ಅದರ ಪ್ರಕಾರ ಹಕ್ಕು, ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ಪುಣೆಯ ಸುತ್ತಲೂ ನಮ್ಮ ಊರುಗಳಲ್ಲೂ ವ್ಯಸನಮುಕ್ತಿಯ ಫಲಕ ಹಾಕಿಕೊಂಡು ಒಳಗೆ ಬೀಗ ಜಡಿಯುವ, ಹೊಡೆಯುವ ಮನೆಗಳಿವೆ. ಸೇರಿಸುವ ಮುನ್ನ ನೋಂದಣಿ ಪತ್ರ ನೋಡಿ, ಮನೋವೈದ್ಯರು ವಾರಕ್ಕೆಷ್ಟು ಸಲ ಬರುತ್ತಾರೆ ಎಂದು ಕೇಳಿ, ನೀವು ಯಾವಾಗ ಬೇಕಾದರೂ ಬಂದು ಮಗನನ್ನು ನೋಡಬಹುದೇ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ‘ತಿಂಗಳು ಆಗಲ್ಲ, ಫೋನೂ ಇಲ್ಲ’ ಎಂದು ಗದರಿದರೆ ಎದ್ದು ಬನ್ನಿ. ಆರೋಗ್ಯ ವಿಮೆ ಇದೆ ಎಂದು ನೆಚ್ಚಿಕೊಳ್ಳುವ ಮುನ್ನ ಪಾಲಿಸಿ ಓದಿ, ಬಹಳಷ್ಟು ಪಾಲಿಸಿಗಳು ಮಾದಕ ವ್ಯಸನದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತವೆ.

ಕೆಲಸದ ಪ್ರಶ್ನೆ ಉಳಿಯುತ್ತದೆ. ಆಫೀಸಿಗೆ ಎಲ್ಲವನ್ನೂ ಹೇಳಬೇಕೆಂದೇನಿಲ್ಲ. ರಜೆಗೆ ವೈದ್ಯರ ಪತ್ರ ಬೇಕಾಗುತ್ತದೆ, ರೋಗದ ಪೂರ್ತಿ ವಿವರ ಸಾಮಾನ್ಯವಾಗಿ ಬೇಕಾಗುವುದಿಲ್ಲ. ರಾತ್ರಿ ಪಾಳಿಯಲ್ಲಿದ್ದರೆ ಹಗಲಿನ ಪಾಳಿ ಕೇಳಿ ಪಡೆಯುವುದು ಯಾವ ಔಷಧಿಗೂ ಕಡಿಮೆಯಲ್ಲ. ಕೆಟ್ಟ ನಿದ್ದೆ ಬಯಕೆಯ ಹಳೆಯ ಗೆಳೆಯ.

ಜಾರುವವರು ಬಹಳ ಮಂದಿ. ಜಾರಿದ ರಾತ್ರಿ ಮನೆಯವರ ಬಾಯಿಂದ ಬರುವ ಮೊದಲ ಮಾತು ಏನೆಂಬುದು ಮುಂದಿನ ತಿಂಗಳುಗಳನ್ನು ನಿರ್ಧರಿಸುತ್ತದೆ ಎಂದು ನಾನು ನಂಬಿದ್ದೇನೆ. ‘ಮತ್ತೆ ಶುರು ಮಾಡಿದೆಯಾ’ ಎಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಎಷ್ಟು ಹೊತ್ತಿಗೆ, ಯಾರ ಜೊತೆ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎರಡು ಮೂರು ಸಲದ ಬರಹ ಒಟ್ಟಿಗಿಟ್ಟು ನೋಡಿದರೆ ಅದೇ ಗೆಳೆಯ, ಅದೇ ಬಾರು, ಬಾಸ್ ಬೈದ ಅದೇ ಸಂಜೆ ಮತ್ತೆ ಮತ್ತೆ ಕಾಣುತ್ತವೆ. ಆ ಹಾಳೆಯನ್ನು ಮುಂದಿನ ಭೇಟಿಯಲ್ಲಿ ಕೌನ್ಸೆಲರ್ ಕೈಗೆ ಕೊಡಿ. ಅಮ್ಮ, ಅಣ್ಣ, ಹೆಂಡತಿ ತಮ್ಮ ರಜೆಗಳನ್ನೆಲ್ಲ ಅವನು ಮಲಗಿರುವ ಮೊದಲ ವಾರದಲ್ಲೇ ಖರ್ಚು ಮಾಡದೆ ಹಂಚಿಕೊಳ್ಳಲಿ. ಒಬ್ಬರು ಈಗ ಬರಲಿ, ಇನ್ನೊಬ್ಬರು ಅವನು ಹಡಪಸರಕ್ಕೆ ಹಿಂದಿರುಗಿದ ಮೇಲಿನ ಮೊದಲ ಸಂಬಳದ ದಿನಕ್ಕೆ ಟಿಕೆಟ್ ಮಾಡಿಸಿಡಲಿ.